ಕಾರು ತೊಳೆಯುವ ಎಂಟು ಬಾಟಲಿಗಳು: ರಸಾಯನದ ಕಣ್ಣಿನಿಂದ ಒಂದು ವಿಮರ್ಶೆ

ನನ್ನ ಕಾರಿನ ಕಿಟಕಿಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಹೊಳೆಯುವ ಅಲ್ಯೂಮಿನಿಯಂ ಪಟ್ಟಿಯ ಮೇಲೆ, ಚಾಲಕನ ಬದಿಯಲ್ಲಿ, ಒಂದು ಗೇಣಿನಷ್ಟು ಉದ್ದಕ್ಕೆ ಹಾಲಿನ ಬಣ್ಣದ ಕಲೆಯೊಂದಿದೆ. ನೀರು ಬಿದ್ದಾಗ ಅದು ಕಾಣುವುದಿಲ್ಲ. ಒಣಗಿದ ಕೂಡಲೇ ಮತ್ತೆ ಮೂಡುತ್ತದೆ. ಎಷ್ಟು ಉಜ್ಜಿದರೂ ಅದು ಹೋಗದು, ಏಕೆಂದರೆ ಅದು ಹೊರಗಿನಿಂದ ಬಂದು ಅಂಟಿಕೊಂಡ ಕೊಳೆಯಲ್ಲ, ಪಟ್ಟಿಯ ರಕ್ಷಣಾ ಪದರವೇ ಸವೆದುಹೋಗಿ ಉಳಿದಿರುವ ಗುರುತು. ಅದಕ್ಕೆ ಕಾರಣವಾದದ್ದು "ಎಲ್ಲ ಮೇಲ್ಮೈಗಳಿಗೂ ಸೂಕ್ತ" ಎಂದು ಮುಂಬದಿಯಲ್ಲಿ ದಪ್ಪಕ್ಷರಗಳಲ್ಲಿ ಬರೆದುಕೊಂಡಿದ್ದ ಒಂದು ಕ್ಲೀನರ್. ಬಿಸಿಲಿನಲ್ಲಿ ನಿಂತು ಕಾದಿದ್ದ ಕಾರಿಗೆ ಅದನ್ನು ಸಿಂಪಡಿಸಿ, ಇನ್ನೊಂದು ಬದಿಯನ್ನು ಮುಗಿಸಿಕೊಂಡು ಬರುವಷ್ಟರಲ್ಲಿ ಅದು ಒಣಗಿ ಕುಳಿತಿತ್ತು. ಬಾಟಲಿಯ ಹಿಂಬದಿಯಲ್ಲಿ, ಕಣ್ಣಿಗೆ ಕಷ್ಟವಾಗುವಷ್ಟು ಸಣ್ಣಕ್ಷರದಲ್ಲಿ, ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕಟು ಕ್ಷಾರದ ಹೆಸರು ಬರೆದಿತ್ತು. ಅದನ್ನು ನಾನು ಓದಿದ್ದು ಕಲೆಯಾದ ಮೇಲೆ.

ಅಂದಿನಿಂದ ಸುಮಾರು ಒಂದೂವರೆ ವರ್ಷ, ಕಾರಿಗೆಂದು ತಂದ ಪ್ರತಿ ಬಾಟಲಿಯನ್ನೂ ಬಳಸುವ ಮೊದಲು ಎರಡು ಕೆಲಸ ಮಾಡುತ್ತಿದ್ದೇನೆ: ದ್ರವ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದನ್ನು ಬಣ್ಣದಿಂದ ತೋರಿಸುವ ಪಿಎಚ್ ಪಟ್ಟಿಯನ್ನು (7 ಎಂದರೆ ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಅದರಲ್ಲಿ ಅದ್ದಿ ನೋಡುವುದು, ಮತ್ತು ತಯಾರಕರು ಪ್ರಕಟಿಸಿರುವ ಸುರಕ್ಷತಾ ಮಾಹಿತಿ ಪತ್ರವನ್ನು ಹುಡುಕಿ ಓದುವುದು. ಹೀಗೆ ನೋಡಿ, ಬಳಸಿ, ಕೆಲವನ್ನು ಉಳಿಸಿಕೊಂಡು ಕೆಲವನ್ನು ಕೈಬಿಟ್ಟ ಎಂಟು ಬಾಟಲಿಗಳ ವಿಮರ್ಶೆ ಇದು. ಬ್ರ್ಯಾಂಡುಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಎರಡು ಬೇರೆ ಕಂಪನಿಗಳ ಶಾಂಪೂಗಳ ನಡುವೆ ಇರುವ ವ್ಯತ್ಯಾಸಕ್ಕಿಂತ, ಒಂದೇ ಕಂಪನಿಯ ಶಾಂಪೂವಿಗೂ ವೀಲ್ ಕ್ಲೀನರಿಗೂ ಇರುವ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು. ಕೊಳ್ಳುವವರು ತಿಳಿಯಬೇಕಾದದ್ದು ಆ ಎರಡನೆಯ ವ್ಯತ್ಯಾಸವನ್ನು.

ಬಾಟಲಿಗಳಿಗೆ ಬರುವ ಮುನ್ನ ಅವು ಮುಟ್ಟುವ ಮೈಯ ಬಗ್ಗೆ ಒಂದು ಮಾತು ಹೇಳಬೇಕು. ಕಾರಿನ ಹೊಳಪು ಬಣ್ಣದ್ದಲ್ಲ, ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ್ದು. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ನಾವು ಎಷ್ಟು ತೆಳುವಾದ ಪದರವನ್ನು ಕಾಪಾಡಲು ಹೊರಟಿದ್ದೇವೆ ಎಂಬುದು ತಿಳಿಯುತ್ತದೆ. ಆದರೆ ಇದೇ ಪದರ ರಾಸಾಯನಿಕವಾಗಿ ಸಾಕಷ್ಟು ಗಟ್ಟಿಗ. ಅದರ ಅಣುಗಳು ಒಂದಕ್ಕೊಂದು ಅಡ್ಡ ಬಂಧಗಳಿಂದ ಹೆಣೆದುಕೊಂಡಿರುವುದರಿಂದ ಕೆಲ ನಿಮಿಷಗಳ ಮಟ್ಟಿಗೆ ಸೌಮ್ಯ ಆಮ್ಲವನ್ನೂ ಸೌಮ್ಯ ಕ್ಷಾರವನ್ನೂ ಅದು ತಡೆದುಕೊಳ್ಳುತ್ತದೆ. ನಿಜವಾಗಿ ಸೋಲುವುದು ಅದರ ಅಕ್ಕಪಕ್ಕದಲ್ಲಿರುವವು: ಆನೊಡೈಜ್ ಮಾಡಿದ ಅಲ್ಯೂಮಿನಿಯಂ ಪಟ್ಟಿಗಳು, ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹೊದಿಕೆ, ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್, ರಬ್ಬರ್, ಚರ್ಮ. ಹಾಗಾಗಿ "ಬಣ್ಣಕ್ಕೆ ಹಾನಿಯಿಲ್ಲ" ಎಂಬ ಭರವಸೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಇಡೀ ಕಾರಿಗೆ ಕೊಟ್ಟ ಭರವಸೆಯಲ್ಲ.

ಮೊದಲ ಬಾಟಲಿ ಶಾಂಪೂ. "ಪಿಎಚ್ ನ್ಯೂಟ್ರಲ್" ಎಂದು ಅದರ ಮೇಲೆ ಬರೆದಿದೆ. ಪಟ್ಟಿಯನ್ನು ಅದ್ದಿದಾಗ 7ರ ಹಸಿರು ಬಣ್ಣವೇ ಬಂತು, ಮಾತು ಸುಳ್ಳಲ್ಲ. ಇಷ್ಟರಿಂದಲೇ ಅದರೊಳಗೆ ಇರುವುದು ಸಾಬೂನಲ್ಲ ಎಂಬುದೂ ತಿಳಿಯಿತು. ಸಾಬೂನೆಂದರೆ ಕೊಬ್ಬಿನ ಆಮ್ಲಗಳ ಲವಣ. ಅದರ ದ್ರಾವಣ ಯಾವಾಗಲೂ ಕ್ಷಾರೀಯವಾಗಿರುತ್ತದೆ, ಬಲವಂತವಾಗಿ ಪಿಎಚ್ ಇಳಿಸಿದರೆ ಕೊಬ್ಬಿನ ಆಮ್ಲ ಬೇರ್ಪಟ್ಟು ದ್ರಾವಣ ಕೆಡುತ್ತದೆ. ತಟಸ್ಥವಾಗಿರುವ ಶಾಂಪೂವಿನಲ್ಲಿ ಕೆಲಸ ಮಾಡುವುದು ಸಂಶ್ಲೇಷಿತ ಸರ್ಫ್ಯಾಕ್ಟಂಟುಗಳು. ಈ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ಜಿಡ್ಡು ಬೇಕು. ಜಿಡ್ಡಿನ ತುದಿಗಳೆಲ್ಲ ಒಳಮುಖವಾಗಿ, ನೀರಿನ ತುದಿಗಳೆಲ್ಲ ಹೊರಮುಖವಾಗಿ ಗುಂಪುಗೂಡಿ, ಎಣ್ಣೆಯ ಕಣವನ್ನು ನಡುವೆ ಇಟ್ಟುಕೊಂಡು ನೀರಿನೊಂದಿಗೆ ಹರಿದುಹೋಗುತ್ತವೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳು ಸಾಬೂನಿನೊಂದಿಗೆ ಸೇರಿ ಬಿಳಿಯ ಗಸಿಯಾಗುವಂತೆ ಇವುಗಳೊಂದಿಗೆ ಸುಲಭವಾಗಿ ಆಗುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ತೊಳೆಯುವವರಿಗೆ ಇದೊಂದೇ ಕಾರಣ ಸಾಕು.

ಆದರೆ "ಪಿಎಚ್ ನ್ಯೂಟ್ರಲ್" ಎಂಬ ಎರಡು ಪದಗಳಿಗೆ ಮಾರುಕಟ್ಟೆಯಲ್ಲಿ ಸಿಕ್ಕಿರುವ ಗೌರವ ಅವುಗಳ ಅರ್ಹತೆಗಿಂತ ಹೆಚ್ಚು. ಪಾತ್ರೆ ತೊಳೆಯುವ ಎಷ್ಟೋ ಲಿಕ್ವಿಡ್‌ಗಳ ಪಿಎಚ್ ಕೂಡ 7ರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಅವು ಕಾರಿನ ಮೇಲಿನ ಮೇಣವನ್ನು ಬೇಗ ದುರ್ಬಲಗೊಳಿಸುತ್ತವೆ, ಏಕೆಂದರೆ ಬಾಣಲೆಯ ಜಿಡ್ಡನ್ನು ಎತ್ತಿ ಒಯ್ಯುವುದೇ ಅವುಗಳ ಕೆಲಸ, ಮತ್ತು ಮೇಣವೂ ಆ ಜಿಡ್ಡಿನ ಬಂಧುವೇ. ಪಿಎಚ್ ಎನ್ನುವುದು ಆಮ್ಲ ಕ್ಷಾರಗಳ ಲೆಕ್ಕವನ್ನಷ್ಟೇ ಹೇಳುತ್ತದೆ. ಸರ್ಫ್ಯಾಕ್ಟಂಟಿನ ಬಲ ಎಷ್ಟು, ದ್ರಾವಕ ಇದೆಯೇ, ಬಟ್ಟೆ ಜಾರಲು ಬೇಕಾದ ನುಣುಪು ಇದೆಯೇ ಎಂಬುದರ ಬಗ್ಗೆ ಅದು ಮೌನ. ಶಾಂಪೂವಿನಲ್ಲಿ ನಾನು ಹಣ ಕೊಡುವುದು ಆ ನುಣುಪಿಗೆ. ಬೆರಳುಗಳ ನಡುವೆ ತೆಗೆದುಕೊಂಡು ಉಜ್ಜಿದಾಗ ನನ್ನ ಈಗಿನ ಶಾಂಪೂವಿನ ನೀರು ಲೋಳೆಸರದ ಹಾಗೆ ಜಾರುತ್ತದೆ. ಹಿಂದೆ ಬಳಸುತ್ತಿದ್ದದ್ದು ಬಕೆಟ್ ತುಂಬ ನೊರೆ ಕೊಟ್ಟರೂ ಬೆರಳು ಕಿರುಗುಟ್ಟುತ್ತಿತ್ತು. ಮರಳಿನ ಕಣ ಬಟ್ಟೆಯಡಿ ಸಿಕ್ಕಿ ಗೀರುವುದನ್ನು ಕಡಿಮೆ ಮಾಡುವುದು ಈ ಜಾರುವಿಕೆ, ನೊರೆಯ ಎತ್ತರವಲ್ಲ. ಈ ಬಾಟಲಿಯನ್ನು ಮತ್ತೆ ಕೊಳ್ಳುತ್ತೇನೆ, ಯಾರಿಗೆ ಬೇಕಾದರೂ ಹೇಳುತ್ತೇನೆ.

ಎರಡನೆಯದು ಕಲೆ ಮಾಡಿದ ಬಾಟಲಿ, ಎಲ್ಲಕ್ಕೂ ಒಂದೇ ಎನ್ನುವ ಕ್ಷಾರೀಯ ಕ್ಲೀನರ್. ಈ ಬಗೆಯ ಸರಕಿನ ಬಗ್ಗೆ ಹೆಚ್ಚು ಹೊತ್ತು ನಿಲ್ಲಲೇಬೇಕು. ಪಿಎಚ್ ಮಾಪನವನ್ನು 1909ರಲ್ಲಿ ಡೆನ್ಮಾರ್ಕಿನ ಸೋರೆನ್ ಸೋರೆನ್ಸನ್ ರೂಪಿಸಿದರು. ಅವರು ಕೆಲಸ ಮಾಡುತ್ತಿದ್ದದ್ದು ಬಿಯರ್ ತಯಾರಿಕೆಗೆ ಸಂಬಂಧಿಸಿದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಆ ಮಾಪನದ ಒಂದು ಗುಣವನ್ನು ಕಾರು ತೊಳೆಯುವವರು ಮರೆಯಬಾರದು: ಅದರ ಪ್ರತಿ ಮೆಟ್ಟಿಲೂ ಹತ್ತು ಪಟ್ಟು. ಪಿಎಚ್ 9ಕ್ಕಿಂತ 12 ಮೂರು ಪಾಲು ಹೆಚ್ಚು ಕ್ಷಾರವಲ್ಲ, ಸಾವಿರ ಪಾಲು ಹೆಚ್ಚು. ಇದರ ಇನ್ನೊಂದು ಮುಖ ತೆಳುಗೊಳಿಸುವಾಗ ಕಾಣುತ್ತದೆ. ಬಾಟಲಿಯಲ್ಲಿದ್ದಂತೆಯೇ ಅದ್ದಿದಾಗ ನನ್ನ ಪಟ್ಟಿ 13ರ ಕಡುನೀಲಿಗೆ ತಿರುಗಿತ್ತು. ಒಂದು ಪಾಲು ಕ್ಲೀನರಿಗೆ ಒಂಬತ್ತು ಪಾಲು ನೀರು ಸೇರಿಸಿ ಮತ್ತೆ ಅದ್ದಿದೆ; 12 ಬಂತು. ಹತ್ತು ಪಟ್ಟು ತೆಳುವಾದ ಮೇಲೂ ಇಳಿದದ್ದು ಒಂದೇ ಮೆಟ್ಟಿಲು. ಇಂಥ ಕ್ಲೀನರುಗಳಲ್ಲಿ ಸೋಡಿಯಂ ಮೆಟಾಸಿಲಿಕೇಟಿನಂಥ ಲವಣಗಳು ಸೇರಿದ್ದರೆ ಅವು ಪಿಎಚ್ ಬೀಳದಂತೆ ಹಿಡಿದುಕೊಳ್ಳುತ್ತವೆ, ಆಗ ಒಂದು ಮೆಟ್ಟಿಲೂ ಪೂರ್ತಿ ಇಳಿಯದೆ ಇರಬಹುದು. ನೀರು ಬೆರೆಸಿದ್ದೇನೆ, ಇನ್ನು ಭಯವಿಲ್ಲ ಎಂದುಕೊಳ್ಳುವುದು ಇಲ್ಲಿ ತಪ್ಪಾಗುತ್ತದೆ. ನಾನು ಹಾಗೆಯೇ ಅಂದುಕೊಂಡಿದ್ದೆ.

ಅಲ್ಯೂಮಿನಿಯಂ ಏಕೆ ಸೋತಿತು ಎಂಬುದಕ್ಕೂ ರಸಾಯನದಲ್ಲಿ ಸ್ಪಷ್ಟವಾದ ಉತ್ತರವಿದೆ. ಈ ಲೋಹ ಗಾಳಿಯಲ್ಲಿ ಉಳಿಯುವುದೇ ತನ್ನ ಮೇಲೆ ತಾನೇ ಹೊದ್ದುಕೊಳ್ಳುವ ಆಕ್ಸೈಡಿನ ತೆಳು ಪದರದಿಂದ. ಆನೊಡೈಜ್ ಮಾಡುವುದೆಂದರೆ ವಿದ್ಯುತ್ತಿನ ನೆರವಿನಿಂದ ಆ ಪದರವನ್ನು ಇನ್ನಷ್ಟು ದಪ್ಪವಾಗಿಸುವುದು. ಈ ಆಕ್ಸೈಡ್ ಪಿಎಚ್ ಸುಮಾರು 4ರಿಂದ 8.5ರ ನಡುವೆ ಸ್ಥಿರವಾಗಿರುತ್ತದೆ. ಅದಕ್ಕಿಂತ ಕೆಳಗೆ ಆಮ್ಲದಲ್ಲೂ ಕರಗುತ್ತದೆ, ಮೇಲೆ ಕ್ಷಾರದಲ್ಲೂ ಕರಗುತ್ತದೆ. ಕಬ್ಬಿಣಕ್ಕೆ ಈ ಸ್ವಭಾವವಿಲ್ಲ. ಅದು ಕ್ಷಾರದ ಎದುರು ಶಾಂತವಾಗಿರುತ್ತದೆ, ಆಮ್ಲದ ಎದುರು ಸೋಲುತ್ತದೆ. ಎಂಜಿನ್ನಿನ ಕಬ್ಬಿಣದ ಭಾಗಗಳನ್ನು ಲಕಲಕ ಎನ್ನುವಂತೆ ಮಾಡಿದ ಅದೇ ದ್ರವ ಕಿಟಕಿಯ ಪಟ್ಟಿಯನ್ನು ಕೆಡಿಸಲು ಇದೇ ಕಾರಣ. ಬಿಸಿಲು ಮಾಡಿದ ಉಪಕಾರವೂ ಇದೆ: ಬಿಸಿಯಲ್ಲಿ ಪ್ರತಿಕ್ರಿಯೆಯ ವೇಗ ಹೆಚ್ಚುತ್ತದೆ, ನೀರು ಆವಿಯಾಗುತ್ತಾ ಹೋದಂತೆ ಉಳಿದ ಕ್ಷಾರ ದಟ್ಟವಾಗುತ್ತದೆ. ಒಣಗುವ ಕೊನೆಯ ಹನಿ ಮೊದಲು ಸಿಂಪಡಿಸಿದ ಹನಿಗಿಂತ ಎಷ್ಟೋ ಕಟುವಾಗಿರುತ್ತದೆ.

ಇಷ್ಟೆಲ್ಲ ಹೇಳಿದರೂ ಈ ಬಾಟಲಿಯನ್ನು ಎಸೆದಿಲ್ಲ. ಚಕ್ರದ ಕಮಾನಿನ ಒಳಭಾಗ, ಟೈರಿನ ಬದಿ, ಬಾಗಿಲ ಕೆಳಗಂಚಿನ ಗ್ರೀಸು, ಮುಂಭಾಗಕ್ಕೆ ಬಡಿದು ಒಣಗಿದ ಕೀಟಗಳು — ಇವೆಲ್ಲ ಎಣ್ಣೆ ಮತ್ತು ಪ್ರೋಟೀನುಗಳ ಕೊಳೆ, ಇವಕ್ಕೆ ಕ್ಷಾರಕ್ಕಿಂತ ಒಳ್ಳೆಯ ಮದ್ದಿಲ್ಲ. ಕ್ಷಾರ ಕೊಬ್ಬನ್ನು ಒಡೆದು ನೀರಿನಲ್ಲಿ ಕರಗುವ ಸಾಬೂನಿನಂಥ ವಸ್ತುವಾಗಿ ಮಾರ್ಪಡಿಸುತ್ತದೆ, ಪ್ರೋಟೀನನ್ನು ಊದಿಸಿ ಸಡಿಲಿಸುತ್ತದೆ. ನೆರಳಿನಲ್ಲಿ, ತಣ್ಣಗಿನ ಮೈಯ ಮೇಲೆ, ಒಂದು ನಿಮಿಷ ಬಿಟ್ಟು ಧಾರಾಳ ನೀರಿನಿಂದ ತೊಳೆದರೆ ಅದು ಒಳ್ಳೆಯ ಕೆಲಸಗಾರನೇ. ಆದರೆ ಚರ್ಮದ ಸೀಟಿಗೂ ಇದನ್ನೇ ಬಳಸಬಹುದೆಂದು ಲೇಬಲಿನಲ್ಲಿ ಸೂಚಿಸಿರುವುದು ನನಗೆ ಸರಿಕಾಣುವುದಿಲ್ಲ. ಹದಗೊಳಿಸಿದ ಚರ್ಮ ಸ್ವಭಾವತಃ ಆಮ್ಲೀಯ. ಈಗಿನ ಸೀಟುಗಳ ಮೇಲೆ ಪಾಲಿಯುರೆಥೇನ್ ಲೇಪವಿದ್ದರೂ ಹೊಲಿಗೆಯ ರಂಧ್ರಗಳಲ್ಲಿ, ಸವೆದ ಅಂಚುಗಳಲ್ಲಿ ದ್ರವ ಒಳಗಿಳಿಯುತ್ತದೆ. ಪಿಎಚ್ 12ರ ದ್ರವಕ್ಕೆ ಅಲ್ಲಿ ಕೆಲಸವಿಲ್ಲ. ಸೀಟಿಗೆ ನಾನು ಶಾಂಪೂವಿನ ನೊರೆಯನ್ನೇ ಹಿಂಡಿದ ಬಟ್ಟೆಯಲ್ಲಿ ತೆಗೆದುಕೊಂಡು ಒರೆಸುತ್ತೇನೆ.

ಮೂರನೆಯ ಬಾಟಲಿಯನ್ನು ಒಂದೇ ಬಾರಿ ಬಳಸಿದೆ, ಇನ್ನು ಬಳಸುವುದಿಲ್ಲ. ಅದು ಆಮ್ಲೀಯ ವೀಲ್ ಕ್ಲೀನರ್. ಕೆಲಸದ ಮಟ್ಟಿಗೆ ಅದರ ವಿರುದ್ಧ ದೂರಿಲ್ಲ. ಅಲಾಯ್ ವೀಲಿನ ಕಡ್ಡಿಗಳ ಹಿಂದೆ ಕಂದು ಬಣ್ಣಕ್ಕೆ ತಿರುಗಿ ಕುಳಿತಿದ್ದ ಬ್ರೇಕಿನ ಧೂಳು ಬ್ರಷ್ ತಾಗಿಸುವ ಮೊದಲೇ ಇಳಿದು ಹೋಯಿತು. ದೂರಿರುವುದು ಅದರೊಳಗಿನ ವಸ್ತುವಿನ ಬಗ್ಗೆ ಮತ್ತು ಲೇಬಲ್ ಅದನ್ನು ಹೇಳಿರುವ ರೀತಿಯ ಬಗ್ಗೆ. ಮುಂಬದಿಯಲ್ಲಿ "ವೇಗದ ಸೂತ್ರ" ಎಂದಷ್ಟೇ ಇದೆ. ಮಾಹಿತಿ ಪತ್ರದ ಮೂರನೆಯ ವಿಭಾಗದಲ್ಲಿ ಅಮೋನಿಯಂ ಬೈಫ್ಲೋರೈಡ್ ಎಂದಿದೆ. ಆಮ್ಲೀಯ ದ್ರಾವಣದಲ್ಲಿ ಈ ಲವಣ ಹೈಡ್ರೊಫ್ಲೋರಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ.

ಹೈಡ್ರೊಫ್ಲೋರಿಕ್ ಆಮ್ಲದ ವಿಷಯದಲ್ಲಿ ಪಿಎಚ್ ಪಟ್ಟಿ ನಮ್ಮನ್ನು ಸಂಪೂರ್ಣವಾಗಿ ದಾರಿತಪ್ಪಿಸುತ್ತದೆ. ರಸಾಯನಶಾಸ್ತ್ರದ ಅರ್ಥದಲ್ಲಿ ಅದು ದುರ್ಬಲ ಆಮ್ಲ, ಎಂದರೆ ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ ಒಡೆಯುವುದಿಲ್ಲ; ಅಪಾಯದ ಮೂಲವೂ ಅದೇ. ಒಡೆಯದ ಅಣುವಿಗೆ ವಿದ್ಯುದಾವೇಶವಿಲ್ಲದ್ದರಿಂದ ಅದು ಚರ್ಮದ ಆಳಕ್ಕೆ ಸಲೀಸಾಗಿ ಇಳಿಯುತ್ತದೆ, ಒಳಗೆ ಹೋದ ಮೇಲೆ ಫ್ಲೋರೈಡ್ ಅಲ್ಲಿನ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ತೆಳು ದ್ರಾವಣ ತಾಗಿದರೆ ತಕ್ಷಣ ಉರಿಯದೆ ಇರಬಹುದು. ನೋವು ಗಂಟೆಗಳ ನಂತರ ಶುರುವಾಗುತ್ತದೆ, ಅಷ್ಟರಲ್ಲಿ ಕೈ ತೊಳೆದುಕೊಳ್ಳುವ ಹೊತ್ತು ಮೀರಿರುತ್ತದೆ. ಇದಕ್ಕೆ ಆಸ್ಪತ್ರೆಗಳಲ್ಲಿ ಹಚ್ಚುವುದು ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್. ವಾರಕ್ಕೊಮ್ಮೆ ಚಕ್ರ ತೊಳೆಯುವ ಮನೆಯವರ ಕೈಗೆ, ಕೈಗವಸಿನ ಚಿತ್ರವೊಂದನ್ನು ಮೂಲೆಯಲ್ಲಿ ಹಾಕಿ, ಇಂಥ ವಸ್ತುವನ್ನು ಕೊಡುವುದನ್ನು ನಾನು ಒಪ್ಪಲಾರೆ. ಇದು ಗಾಜನ್ನೂ ಕೊರೆಯುತ್ತದೆ ಎಂಬುದನ್ನು ಸೇರಿಸಿ ಹೇಳಬೇಕು. ಗಾಳಿಗೆ ಹಾರಿದ ತುಂತುರು ಕಿಟಕಿಯ ಮೇಲೆ ಕುಳಿತರೆ ಅದರ ಗುರುತು ಶಾಶ್ವತ. ಫಾಸ್ಫಾರಿಕ್ ಅಥವಾ ಆಕ್ಸಾಲಿಕ್ ಆಮ್ಲದ ಕ್ಲೀನರುಗಳು ಇಷ್ಟು ಘೋರವಲ್ಲ, ಆದರೂ ಲೇಪ ಕಿತ್ತುಬಂದ ಅಲ್ಯೂಮಿನಿಯಂ ಚಕ್ರಕ್ಕೆ ಅವೂ ಬೇಡ.

ನಾಲ್ಕನೆಯದನ್ನು ತಂದ ಮೇಲೆ ಮೂರನೆಯದರ ಅಗತ್ಯವೇ ಉಳಿಯಲಿಲ್ಲ. ಇದು ಕಬ್ಬಿಣದ ಕಣಗಳನ್ನು ತೆಗೆಯುವ ದ್ರವ. ಬಾಟಲಿಯ ಮೇಲೆ ಐರನ್ ರಿಮೂವರ್ ಎಂದಿರುತ್ತದೆ. ಬ್ರೇಕ್ ಹಿಡಿದಾಗಲೆಲ್ಲ ಡಿಸ್ಕ್ ಮತ್ತು ಪ್ಯಾಡುಗಳಿಂದ ಸಿಡಿಯುವ ಬಿಸಿ ಕಬ್ಬಿಣದ ಪುಡಿ ಚಕ್ರದ ಲೇಪಕ್ಕೆ ಕಚ್ಚಿಕೊಂಡು ಅಲ್ಲೇ ತುಕ್ಕಾಗುತ್ತದೆ. ಅದನ್ನು ಉಜ್ಜಿ ತೆಗೆಯಲು ಹೋದರೆ ಲೇಪ ಗೀರುತ್ತದೆ. ಈ ದ್ರವದಲ್ಲಿರುವ ಥಯೋಗ್ಲೈಕೊಲೇಟ್ ಆ ಕಬ್ಬಿಣದೊಂದಿಗೆ ಬಂಧ ಬೆಳೆಸಿ, ಅದನ್ನು ನೀರಿನಲ್ಲಿ ಕರಗುವ ನೇರಳೆ ಬಣ್ಣದ ಸಂಕೀರ್ಣವಾಗಿಸುತ್ತದೆ. ಮೊದಲ ಬಾರಿ ಸಿಂಪಡಿಸಿದಾಗ ಕುಳಿತು ನೋಡಿದೆ. ಮೊದಲ ಅರ್ಧ ನಿಮಿಷ ಏನೂ ಇಲ್ಲ, ನೀರಿನಂತೆ ತಿಳಿಯಾಗಿತ್ತು. ಆಮೇಲೆ ಬಿಳಿಯ ಲೇಪದ ಮೇಲೆ ಸೂಜಿ ಮೊನೆಯಷ್ಟು ಚಿಕ್ಕ ಚುಕ್ಕಿಗಳು ನೇರಳೆಯಾದವು. ಪ್ರತಿ ಚುಕ್ಕಿಯಿಂದಲೂ ಒಂದೊಂದು ಎಳೆ ಕೆಳಗಿಳಿಯಿತು. ಮೂರು ನಿಮಿಷದಲ್ಲಿ ಚಕ್ರದ ಕೆಳತುದಿಯಿಂದ ಹಣ್ಣಾದ ನೇರಳೆಯ ರಸದಂಥ ನೀರು ತೊಟ್ಟಿಕ್ಕುತ್ತಿತ್ತು. ಶುದ್ಧವಾಗಿದೆ ಎಂದುಕೊಂಡಿದ್ದ ಹಿಂಬಾಗಿಲಿನ ಬಿಳಿ ಬಣ್ಣದ ಮೇಲೂ ಅದೇ ಚುಕ್ಕಿಗಳು ಎದ್ದವು.

ಪಟ್ಟಿ ಅದ್ದಿದಾಗ ಬಂದದ್ದು 6ರಿಂದ 7ರ ನಡುವೆ. ಹತ್ತಿರ ಹತ್ತಿರ ತಟಸ್ಥವಾದ ದ್ರವವೊಂದು ಆಮ್ಲದ ಕೆಲಸವನ್ನು ಮಾಡುತ್ತಿದೆ, ಏಕೆಂದರೆ ಅದು ಸಿಕ್ಕಿದ್ದನ್ನೆಲ್ಲ ಕರಗಿಸುವುದಿಲ್ಲ, ಕಬ್ಬಿಣವನ್ನು ಗುರುತು ಹಿಡಿದು ಅದನ್ನೇ ಒಯ್ಯುತ್ತದೆ. ಕೊಳೆ ಯಾವುದೆಂದು ತಿಳಿದು ಅದಕ್ಕೆ ತಕ್ಕ ರಸಾಯನವನ್ನು ಆರಿಸುವುದೆಂದರೆ ಇದೇ. ದೋಷಗಳೂ ಇವೆ. ವಾಸನೆ ಕೊಳೆತ ಮೊಟ್ಟೆಯದು. ಕೂದಲನ್ನು ಗುಂಗುರು ಮಾಡುವ ದ್ರಾವಣದಲ್ಲೂ ರೋಮ ತೆಗೆಯುವ ಕ್ರೀಮಿನಲ್ಲೂ ಇದೇ ಕುಟುಂಬದ ವಸ್ತು ಇರುತ್ತದೆ, ಹಾಗಾಗಿ ಆ ವಾಸನೆ ಕೆಲವರಿಗೆ ಪರಿಚಿತ. ತಯಾರಕರು ಸುಗಂಧ ಸೇರಿಸಿ ಮುಚ್ಚಲು ನೋಡಿದ್ದಾರೆ, ಅದರಿಂದ ಎರಡು ವಾಸನೆಗಳಾಗಿವೆ ಅಷ್ಟೆ. ಚರ್ಮದ ಅಲರ್ಜಿ ತರಬಲ್ಲ ವಸ್ತುವೆಂದು ಮಾಹಿತಿ ಪತ್ರ ಎಚ್ಚರಿಸುತ್ತದೆ, ಕೈಗವಸು ಬೇಕೇ ಬೇಕು. ಒಣಗಲು ಬಿಟ್ಟರೆ ನೇರಳೆಯ ಕಲೆ ಉಳಿಯಬಹುದು. ಮತ್ತು ಕಬ್ಬಿಣವಲ್ಲದ ಕೊಳೆಗೆ, ಉದಾಹರಣೆಗೆ ಟೈರಿನ ಜಿಡ್ಡಿಗೆ, ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಮೊದಲು ಶಾಂಪೂವಿನಿಂದ ಚಕ್ರ ತೊಳೆದು ಆಮೇಲೆ ಇದನ್ನು ಬಳಸಿದರೆ ಅರ್ಧ ದ್ರವ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಸಾಕು.

ಐದನೆಯದು ಡಾಂಬರಿನ ಚುಕ್ಕೆಗಳನ್ನು ತೆಗೆಯುವ ದ್ರವ. ಇದಕ್ಕೆ ಪಿಎಚ್ ನೋಡಲು ಹೋದರೆ ಅರ್ಥವೇ ಇಲ್ಲ, ಏಕೆಂದರೆ ಅದರಲ್ಲಿ ನೀರೇ ಇಲ್ಲ. ಡಾಂಬರು ಪೆಟ್ರೋಲಿಯಂ ಮೂಲದ್ದು. ತನ್ನಂಥದೇ ದ್ರಾವಕದಲ್ಲಿ ಮಾತ್ರ ಕರಗುತ್ತದೆ. ನಾನು ಆರಿಸಿದ್ದು ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಿಂದ ಬರುವ ಲಿಮೊನೀನ್ ಇರುವುದನ್ನು. ಸಿಪ್ಪೆಯಿಂದ ಬಂದಿದೆ ಎಂದ ಮಾತ್ರಕ್ಕೆ ಅದು ಸಾಧುವಲ್ಲ: ಸುಮಾರು 48 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು, ಗಾಳಿ ತಾಗಿ ಹಳೆಯದಾದರೆ ಚರ್ಮಕ್ಕೆ ತುರಿಕೆ ತರುತ್ತದೆ. ಬಟ್ಟೆಗೆ ಹಾಕಿ, ಚುಕ್ಕೆಯ ಮೇಲೆ ಒಂದು ನಿಮಿಷ ಇಟ್ಟು, ಒತ್ತದೆ ಎಳೆದರೆ ಕಂದು ಗೆರೆಯಾಗಿ ಹೊರಬರುತ್ತದೆ. ಅಲ್ಲಿದ್ದ ಮೇಣವೂ ಅದರೊಂದಿಗೇ ಹೋಗುತ್ತದೆ, ಆ ಜಾಗಕ್ಕೆ ಮತ್ತೆ ಹಚ್ಚಬೇಕು. ಹೆಡ್‌ಲೈಟಿನ ಹತ್ತಿರ ಮಾತ್ರ ಯಾವ ದ್ರಾವಕವನ್ನೂ ಒಯ್ಯಬೇಡಿ. ಅಸಿಟೋನ್, ಟೊಲುಯೀನ್, ಕ್ಸೈಲೀನ್‌ಗಳು ಪಾಲಿಕಾರ್ಬೊನೇಟಿನ ಒಳಗೆ ಕೂದಲೆಳೆಯಂಥ ಬಿರುಕುಗಳನ್ನು ಹುಟ್ಟಿಸುತ್ತವೆ. ಅವನ್ನು ಯಾವ ಪಾಲಿಶೂ ತೆಗೆಯದು.

ಆರನೆಯದಾದ ಗಾಜಿನ ಕ್ಲೀನರಿನ ಬಗ್ಗೆ ಹೇಳುವುದು ಕಡಿಮೆ. ಐಸೊಪ್ರೊಪೈಲ್ ಆಲ್ಕೋಹಾಲ್, ನೀರು, ಚೂರು ಸರ್ಫ್ಯಾಕ್ಟಂಟ್ ಇದ್ದರೆ ಸಾಕು, ಇದರಲ್ಲಿರುವುದೂ ಅಷ್ಟೇ. ಅಮೋನಿಯಾ ಇರುವುದನ್ನು ಬಿಟ್ಟು ಇದನ್ನು ತಂದದ್ದಕ್ಕೆ ಕಾರಣ ಕಿಟಕಿಯ ಒಳಬದಿಯ ಟಿಂಟ್ ಫಿಲ್ಮ್. ಅದನ್ನು ತಯಾರಿಸುವವರೇ ಅಮೋನಿಯಾ ಬೇಡವೆನ್ನುತ್ತಾರೆ. ಡ್ಯಾಶ್‌ಬೋರ್ಡಿನ ಟಚ್ ಸ್ಕ್ರೀನಿಗೆ ಇದನ್ನೂ ಹಾಕುವುದಿಲ್ಲ, ಒದ್ದೆ ಬಟ್ಟೆಯೇ ಸಾಕು.

ಗಾಜಿನ ಮೇಲೂ ಬಣ್ಣದ ಮೇಲೂ ಉಳಿಯುವ ನೀರಿನ ಬಿಳಿ ಉಂಗುರಗಳಿಗೆ ನಾನು ಬಾಟಲಿ ಕೊಂಡಿಲ್ಲ. ಅವು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಶಾಂಪೂವಿಗಾಗಲಿ ಕ್ಷಾರಕ್ಕಾಗಲಿ ಅಲುಗುವುದಿಲ್ಲ, ಆಮ್ಲಕ್ಕೆ ಮಾತ್ರ ಬಗ್ಗುತ್ತವೆ. ಅಡುಗೆಗೆ ಬಳಸುವ ವಿನೆಗರಿನಲ್ಲಿ ಸುಮಾರು 5 ಶೇಕಡ ಅಸಿಟಿಕ್ ಆಮ್ಲವಿರುತ್ತದೆ. ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ನೆನೆಸಿ ಒಂದೆರಡು ನಿಮಿಷ ಇಟ್ಟರೆ ಉಂಗುರ ಕರಗಿ ಇಂಗಾಲದ ಡೈಆಕ್ಸೈಡಾಗಿ ಹಾರಿಹೋಗುತ್ತದೆ, ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಎರಡು ಬಾರಿ ಇಟ್ಟರೂ ಹೋಗದಿದ್ದರೆ ಅದರಲ್ಲಿ ಸಿಲಿಕಾ ಇದೆ, ಇಲ್ಲವೇ ಬಣ್ಣವೇ ಕುಳಿಬಿದ್ದಿದೆ ಎಂದು ತಿಳಿಯಬೇಕು. ಅಲ್ಲಿಂದ ಮುಂದೆ ಅದು ಪಾಲಿಶಿನ ಕೆಲಸ, ಇನ್ನಷ್ಟು ಕಟುವಾದ ಆಮ್ಲದ ಕೆಲಸವಲ್ಲ.

ಏಳನೆಯದಾದ, ಟೈರಿಗೆ ಹಚ್ಚಿ ಕಪ್ಪು ಹೊಳಪು ತರುವ ಟೈರ್ ಡ್ರೆಸ್ಸಿಂಗ್ ವಿಷಯದಲ್ಲಿ ನಾನು ಮನಸ್ಸು ಬದಲಿಸಿದೆ. ಈ ವರ್ಗದಲ್ಲಿ ಎರಡು ಪಂಗಡಗಳಿವೆ: ಸಿಲಿಕೋನನ್ನು ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿದ್ದು, ಮತ್ತು ನೀರಿನಲ್ಲಿ ಎಮಲ್ಷನ್ ಮಾಡಿದ್ದು, ಎಂದರೆ ಕರಗಿಸದೆ ಸಣ್ಣ ಹನಿಗಳಾಗಿ ಬೆರೆಸಿದ್ದು. ಮೊದಲನೆಯದು ಹೊಸ ಬೂಟಿನಂತೆ ಮಿಂಚುತ್ತದೆ, ಹೆಚ್ಚು ದಿನ ನಿಲ್ಲುತ್ತದೆ. ನಾನು ಮೊದಲು ಮೆಚ್ಚಿದ್ದು ಅದನ್ನೇ. ಆದರೆ ಟೈರಿನ ರಬ್ಬರಿನೊಳಗೆ ಅದನ್ನು ಓಝೋನ್ ಬಿರುಕಿನಿಂದ ಕಾಪಾಡಲೆಂದೇ ಬೆರೆಸಿದ ರಾಸಾಯನಿಕಗಳಿವೆ. ಅವು ನಿಧಾನವಾಗಿ ಹೊರಮೈಗೆ ಬರುತ್ತಾ, ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಟೈರ್ ತೊಳೆಯುವಾಗ ನೊರೆ ಕಾಫಿ ಬಣ್ಣಕ್ಕೆ ಬರುವುದರಲ್ಲಿ ಇದರ ಪಾಲೂ ಇದೆ. ರಬ್ಬರನ್ನು ಕಾಪಾಡುವ ವಸ್ತುವನ್ನು ಹೊರಪದರದಿಂದ ಪೆಟ್ರೋಲಿಯಂ ದ್ರಾವಕದಿಂದ ಪದೇ ಪದೇ ತೊಳೆದುಹಾಕುವುದು ಸರಿಯಲ್ಲ ಎನಿಸಿ ನೀರಿನ ಎಮಲ್ಷನ್ನಿಗೆ ಬಂದೆ. ಮಿಂಚು ಕಡಿಮೆ, ಕಪ್ಪು ಮಾತ್ರ ಹಿತವಾಗಿದೆ. ಯಾವುದನ್ನು ಹಚ್ಚಿದರೂ ನೆಲ ಮುಟ್ಟುವ ಭಾಗಕ್ಕೂ ಬ್ರೇಕ್ ಡಿಸ್ಕಿಗೂ ತಾಗಬಾರದು, ಪೂರ್ತಿ ಒಣಗುವ ಮೊದಲು ಕಾರು ಓಡಿಸಬಾರದು. ಚಿಮ್ಮಿದ ಸಿಲಿಕೋನ್ ಬಣ್ಣದ ಮೇಲೆ ಉಳಿದರೆ ಮುಂದೆ ಆ ಭಾಗಕ್ಕೆ ಮರುಬಣ್ಣ ಹೊಡೆಯುವಾಗ ಮೀನಿನ ಕಣ್ಣಿನಂಥ ಕುಳಿಗಳು ಏಳುತ್ತವೆ.

ಕೊನೆಯದು ಸಿರಾಮಿಕ್ ಸ್ಪ್ರೇ. ಈ ಹೆಸರಿನಲ್ಲಿ ಬರುವ ಸ್ಪ್ರೇಗಳು ಸಿಲಿಕಾ ಮತ್ತು ಸಿಲಿಕೋನ್ ಮೂಲದ ಪಾಲಿಮರುಗಳು. ಬಣ್ಣದ ಮೇಲೆ ನೀರು ನಿಲ್ಲದಂಥ ಒಂದು ಮೈಯನ್ನು ಕಟ್ಟುತ್ತವೆ. ಹಳೆಯ ಕಾರ್ನೌಬಾ ಮೇಣ, ಬ್ರೆಜಿಲಿನ ತಾಳೆಯ ಎಲೆಗಳಿಂದ ಬರುವುದು, 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ, ಕ್ಷಾರಕ್ಕೂ ದ್ರಾವಕಕ್ಕೂ ಬೇಗ ಸೋಲುತ್ತದೆ. ಸಿಲಿಕಾದ ಪದರ ಅದಕ್ಕಿಂತ ಹೆಚ್ಚು ಕಾಲ ನಿಂತಿದೆ, ಅದನ್ನು ಒಪ್ಪುತ್ತೇನೆ. ಒಪ್ಪಲಾಗದ್ದು ಲೇಬಲಿನ "9ಎಚ್ ಗಡಸುತನ". ಅದು ಪೆನ್ಸಿಲ್ ಪರೀಕ್ಷೆಯ ಅಂಕಿ, ಎಂದರೆ 9ಎಚ್ ಎಂಬ ಗಟ್ಟಿ ಪೆನ್ಸಿಲಿನ ಸೀಸ ಅದನ್ನು ಗೀರಲಿಲ್ಲ ಎಂದಷ್ಟೇ ಅರ್ಥ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪನದಲ್ಲಿ ನೀಲಮಣಿ ಪಡೆಯುವ 9ಕ್ಕೂ ಇದಕ್ಕೂ ಸಂಬಂಧವಿಲ್ಲ. ರಸ್ತೆಯ ಮರಳಿನಲ್ಲಿರುವ ಸ್ಫಟಿಕಶಿಲೆಗೆ ಈ ಪದರವೂ ಕ್ಲಿಯರ್ ಕೋಟೂ ಒಂದೇ. ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದಿಲ್ಲ: ನೀರು ದುಂಡಗೆ ಮಣಿಯಾಗಿ ನಿಂತು ಬಿಸಿಲಿಗೆ ಒಣಗಿದರೆ ಅದರಲ್ಲಿದ್ದ ಕ್ಯಾಲ್ಸಿಯಂ ಎಲ್ಲವೂ ಒಂದೇ ಚಿಕ್ಕ ಉಂಗುರದಲ್ಲಿ ಕೂರುತ್ತದೆ. ಈ ಸ್ಪ್ರೇ ಹಚ್ಚಿದ ಮೇಲೆ ತೊಳೆದ ನೀರನ್ನು ಒರೆಸುವ ಕೆಲಸ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮಾಹಿತಿ ಪತ್ರದ ಬಗ್ಗೆ ಹಲವು ಬಾರಿ ಹೇಳಿದ್ದೇನೆ, ಅದನ್ನು ಓದುವುದು ಕಷ್ಟವಲ್ಲ. ವಿಶ್ವಸಂಸ್ಥೆಯ ಏಕರೂಪ ವರ್ಗೀಕರಣ ಪದ್ಧತಿಯಂತೆ ಅದರಲ್ಲಿ 16 ವಿಭಾಗಗಳಿರುತ್ತವೆ, ಯಾವ ಕಂಪನಿಯದಾದರೂ ಕ್ರಮ ಅದೇ. ಎರಡನೆಯದು ಅಪಾಯಗಳು, ಮೂರನೆಯದು ಘಟಕಗಳು, ನಾಲ್ಕನೆಯದು ಪ್ರಥಮ ಚಿಕಿತ್ಸೆ, ಎಂಟನೆಯದು ಕೈಗವಸು ಕನ್ನಡಕಗಳ ವಿಷಯ, ಒಂಬತ್ತನೆಯದರಲ್ಲಿ ಪಿಎಚ್ ಮತ್ತು ಹೊತ್ತಿಕೊಳ್ಳುವ ಉಷ್ಣತೆ, ಹತ್ತನೆಯದರಲ್ಲಿ ಯಾವುದರೊಂದಿಗೆ ಬೆರೆಸಬಾರದು ಎಂಬುದು. ನಾನು ಮೂರು ಮತ್ತು ಒಂಬತ್ತನ್ನು ಮೊದಲು ನೋಡುತ್ತೇನೆ. ಘಟಕದ ಹೆಸರನ್ನು ಬೇರೆ ಬೇರೆಯಾಗಿ ಬರೆದಿದ್ದರೂ ಪಕ್ಕದ ಸಿಎಎಸ್ ಸಂಖ್ಯೆ, ಎಂದರೆ ಆ ರಾಸಾಯನಿಕದ ಗುರುತಿನ ಸಂಖ್ಯೆ, ಬದಲಾಗುವುದಿಲ್ಲ: 1310-73-2 ಎಂದಿದ್ದರೆ ಅದು ಸೋಡಿಯಂ ಹೈಡ್ರಾಕ್ಸೈಡ್, 7664-39-3 ಎಂದಿದ್ದರೆ ಹೈಡ್ರೊಫ್ಲೋರಿಕ್ ಆಮ್ಲ, 1341-49-7 ಎಂದಿದ್ದರೆ ಅಮೋನಿಯಂ ಬೈಫ್ಲೋರೈಡ್. ಈ ಪತ್ರವನ್ನು ಕೇಳಿದಾಗ ಕೊಡದ ತಯಾರಕರ ಸರಕನ್ನು ನಾನು ಕೊಳ್ಳುವುದಿಲ್ಲ.

ಒಂದು ಬಾಟಲಿಯ ಗುಣ ಇನ್ನೊಂದರ ಜೊತೆಯಲ್ಲಿ ಬದಲಾಗುತ್ತದೆ ಎಂಬುದನ್ನೂ ಕೈಯಾರೆ ನೋಡಿದೆ. ಬಣ್ಣದ ಮೇಲೆ ಅಂಟಿ ನೀರನ್ನು ಓಡಿಸುವ ಕೆಲವು ಡ್ರೈಯಿಂಗ್ ಸ್ಪ್ರೇಗಳಲ್ಲಿ ಧನಾವೇಶದ ಸರ್ಫ್ಯಾಕ್ಟಂಟ್ ಇರುತ್ತದೆ, ಶಾಂಪೂವಿನಲ್ಲಿ ಸಾಮಾನ್ಯವಾಗಿ ಋಣಾವೇಶದ್ದು. ಒಂದು ಲೋಟದಲ್ಲಿ ಎರಡನ್ನೂ ಕೆಲವು ಹನಿ ಬೆರೆಸಿದಾಗ ತಿಳಿಯಾದ ನೀರು ಒಡೆದ ಹಾಲಿನಂತಾಯಿತು. ಎರಡೂ ಒಂದನ್ನೊಂದು ಹಿಡಿದು ನಿಷ್ಕ್ರಿಯವಾಗಿದ್ದವು. ಶಾಂಪೂವನ್ನು ಚೆನ್ನಾಗಿ ತೊಳೆಯದೆ ಅಂಥ ಸ್ಪ್ರೇ ಹೊಡೆದರೆ ಕಾರಿನ ಮೇಲೆ ಆಗುವುದೂ ಅದೇ. ಮೈಕ್ರೋಫೈಬರ್ ಬಟ್ಟೆಯನ್ನು ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬಾರದು ಎನ್ನುವುದಕ್ಕೂ ಇದೇ ಕುಟುಂಬದ ಧನಾವೇಶದ ವಸ್ತುಗಳೇ ಕಾರಣ, ಅವು ಎಳೆಗಳಿಗೆ ಹತ್ತಿಕೊಂಡು ನೀರು ಹೀರುವುದನ್ನು ತಡೆಯುತ್ತವೆ. ಇದು ಬರೀ ಕೆಲಸ ಕೆಡಿಸುವ ಬೆರಕೆ. ಜೀವಕ್ಕೆ ಅಪಾಯ ತರುವ ಬೆರಕೆಗಳು ಬೇರೆ: ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ, ಬ್ಲೀಚಿಗೆ ಅಮೋನಿಯಾ ಸೇರಿದರೆ ಕ್ಲೋರಮೀನ್. ಮುಚ್ಚಿದ ಗ್ಯಾರೇಜಿನಲ್ಲಿ ಒಂದೇ ಬಕೆಟನ್ನು ತೊಳೆಯದೆ ಎರಡು ಕೆಲಸಕ್ಕೆ ಬಳಸಿದರೂ ಇದು ಆಗಬಹುದು.

ಈಗ ನನ್ನ ಕಪಾಟಿನಲ್ಲಿ ಏಳು ಬಾಟಲಿಗಳಿವೆ. ತೆಳುಗೊಳಿಸಿ ಬೇರೆ ಸ್ಪ್ರೇ ಬಾಟಲಿಗೆ ಹಾಕಿದ ಪ್ರತಿಯೊಂದರ ಮೇಲೂ ಹೆಸರು, ನೀರಿನ ಪ್ರಮಾಣ, ಪಟ್ಟಿಯಲ್ಲಿ ಕಂಡ ಪಿಎಚ್, ಬೆರೆಸಿದ ದಿನಾಂಕ ಬರೆದ ಟೇಪು ಅಂಟಿಸಿದ್ದೇನೆ. ಎಂಟರಲ್ಲಿ ಉಳಿದ ಒಂದು, ಆ ಆಮ್ಲೀಯ ವೀಲ್ ಕ್ಲೀನರ್, ಚರಂಡಿಗೆ ಸುರಿಯುವಂಥದ್ದಲ್ಲ. ಅಪಾಯಕಾರಿ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸುವವರೆಗೆ, ಮುಚ್ಚಳಕ್ಕೆ ಟೇಪು ಸುತ್ತಿ, ಇನ್ನೊಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ನೆಟ್ಟಗೆ ನಿಲ್ಲಿಸಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.